ಮನೆ, ಬಳಕೆ ಸಹಿತ

ನಮ್ಮ ನಿಘಂಟು ಕಚೇರಿಯಲ್ಲಿ ಒಂದು ಕಟ್ಟುಪಾಡಿದೆ. ಯಾವ ಪದಕ್ಕೆ ಯಾವ ಅರ್ಥ ಬರೆದರೂ ಅದರ ಕೆಳಗೆ ಒಂದು ಬಳಕೆ ಕೊಡಬೇಕು, ಜನ ನಿಜವಾಗಿ ಆಡುವ ಮಾತು. ಬಳಕೆ ಇಲ್ಲವೋ, ಸಂಪಾದಕರು ಆ ಅರ್ಥವನ್ನೇ ಹೊಡೆದುಹಾಕುತ್ತಾರೆ. ಆ ವಾರ ನನ್ನ ಮೇಜಿಗೆ ಬಂದ ಪದ ‘ಮನೆ’. ಅದೇ ವಾರ ನನ್ನಣ್ಣ ನನ್ನನ್ನು ಮನೆಯಿಂದ ಹೊರಹಾಕಲು ಹೊರಟ.

ವಾಸದ ಜಾಗ ಎಂದು ಬರೆದು ಕೈತೊಳೆದುಕೊಳ್ಳುವ ಪದವಲ್ಲ ಅದು. ಚದುರಂಗದ ಚೌಕವೂ ಮನೆ. ಅಡುಗೆಗೊಂದು ಮನೆ, ಸ್ನಾನಕ್ಕೊಂದು ಮನೆ. ರಾಜನಿಗೆ ಅರಮನೆ, ಕಳ್ಳನಿಗೆ ಸೆರೆಮನೆ. ಹೆಂಗಸು ‘ನಮ್ಮನೆಯವರು’ ಎಂದರೆ ಅವಳ ಗಂಡ. ಬೇರು ಹುಡುಕುತ್ತ ಹೋದರೆ ನೆಲೆಸು, ಉಳಿ ಎನ್ನುವಲ್ಲಿಗೆ ಮುಟ್ಟುತ್ತದೆ ಎಂದು ಸಂಪಾದಕರು ಖುಷಿಯಿಂದ ವಿವರಿಸುತ್ತಿದ್ದರೆ ನಾನು ಹಲ್ಲು ಕಡಿಯುತ್ತ ಕೂತಿದ್ದೆ. ಅಮ್ಮ ಹಾಸಿಗೆ ಹಿಡಿದಾಗ ಉಳಿದವಳು ನಾನು. ಮನೆಯ ಕಾಗದಪತ್ರ ಮಾತ್ರ ಅಣ್ಣನ ಹೆಸರಿನಲ್ಲಿ.

“ಮನೆ ಮಾರ್ತಿದೀನಿ. ಭಾನುವಾರ ನೋಡೋಕೆ ಗಂಡ ಹೆಂಡ್ತಿ ಬರ್ತಾರೆ. ಸ್ವಲ್ಪ ಗುಡಿಸಿಡು,” ಎಂದ ಫೋನಿನಲ್ಲಿ.

“ನಾನೆಲ್ಲಿಗೆ ಹೋಗ್ಲಿ ಅಣ್ಣ?”

“ಅಯ್ಯೋ, ನಿನ್ನೊಬ್ಬಳಿಗೆ ಎಲ್ಲಾದ್ರೂ ಒಂದು ರೂಮು ಸಿಗಲ್ವಾ?”

ಮೈಯೆಲ್ಲ ಉರಿದುಹೋಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆ ನಮ್ಮಣ್ಣನನ್ನು ನೋಡಿಯೇ ಹುಟ್ಟಿರಬೇಕು. ರಕ್ತದಾನ ಶಿಬಿರ ಎಲ್ಲೇ ಇರಲಿ, ಮೊದಲು ತೋಳು ಚಾಚುವವನು ಅವನೇ.

ಭಾನುವಾರ ಬಂದರು. ಅಣ್ಣ ಹಲ್ಲು ಕಿರಿಯುತ್ತ, “ಬನ್ನಿ ಬನ್ನಿ, ನಿಮ್ಮದೇ ಮನೆ ಅನ್ಕೊಳ್ಳಿ. ತಂಗಿ, ಎಲ್ಲಾ ತೋರಿಸಮ್ಮ,” ಎಂದ. ತೋರಿಸಮ್ಮ ಎಂದವನು ಅವನೇ ತಾನೆ? ತೋರಿಸಿದೆ.

“ಇದು ಅಡುಗೆಮನೆ. ಬಳಕೆ: ಭಾನುವಾರ ಮಗ ಬರ್ತಾನೆ ಅಂತ ನಮ್ಮಮ್ಮ ಅಡುಗೆಮನೇಲಿ ಅನ್ನ ಬಿಸಿ ಮಾಡಿಸಿ ಮಾಡಿಸಿ ಇಡಿಸ್ತಿದ್ಲು. ಅವನು ಬರ್ಲಿಲ್ಲ.”

“ಏನೇ ಇದು?” ಎಂದ ಅಣ್ಣ.

“ಇದು ಬಚ್ಚಲುಮನೆ. ಬಳಕೆ: ಅಮ್ಮ ಬಚ್ಚಲುಮನೇಲಿ ಜಾರಿ ಬಿದ್ದಾಗ ಅಣ್ಣಂಗೆ ಫೋನ್ ಮಾಡ್ದೆ. ಮೀಟಿಂಗಲ್ಲಿದೀನಿ ಅಂದ. ಕೊನೆಗೆ ಬಂದು ಎತ್ತಿದ್ದು ಪಕ್ಕದ ಮನೆಯವರು.”

ಬಂದ ಗಂಡ ಚಾವಣಿ ನೋಡತೊಡಗಿದರು. ಹೆಂಡತಿ ನನ್ನನ್ನೇ ನೋಡುತ್ತ, “ಹಾಗಾದ್ರೆ ನೀವು ಎಲ್ಲಿಗೆ ಹೋಗ್ತೀರಿ?” ಎಂದರು.

“ಅವನನ್ನೇ ಕೇಳಿ.”

“ಅದೆಲ್ಲ ನಮ್ಮ ಮನೆ ವಿಷ್ಯ ಬಿಡಿ ಮೇಡಂ,” ಎಂದ ಅಣ್ಣ.

ಆಕೆ ಗಂಡನ ತೋಳು ಹಿಡಿದರು. “ನಡೀರಿ. ಇವರನ್ನ ಬೀದಿಗೆ ಹಾಕಿ ಈ ಮನೆ ತಗೊಂಡ್ರೆ ಇಲ್ಲಿ ನಂಗೆ ನಿದ್ದೆ ಬರಲ್ಲ.” ಇಬ್ಬರೂ ಚಪ್ಪಲಿ ಮೆಟ್ಟಿ ಹೊರಟೇಹೋದರು.

ಬಾಗಿಲು ಮುಚ್ಚಿದ್ದೇ ತಡ ಅಣ್ಣ ಸಿಡಿದ. “ಮನೆಹಾಳಿ! ನಾಚಿಕೆ ಆಗಲ್ವೇನೇ? ಮುಂದಿನ ವಾರ ಬೇರೆಯವರನ್ನ ಕರ್ಕೊಂಡು ಬರ್ತೀನಿ, ನೋಡ್ತಿರು!”

“ಕರ್ಕೊಂಡು ಬಾ. ಇನ್ನೂ ಎರಡು ಕೋಣೆ ತೋರಿಸೋದು ಬಾಕಿ ಇದೆ. ಅಮ್ಮ ಸತ್ತ ಕೋಣೆ ಅದ್ರಲ್ಲೊಂದು.”

ಅವನು ಏನೋ ಹೇಳಲು ಹೋಗಿ ಕೆಮ್ಮಿದ. ಕೆಮ್ಮುತ್ತಲೇ ಅಡುಗೆಮನೆಗೆ ನುಗ್ಗಿದ. ಮೇಲಿನ ಕಪಾಟು ತೆರೆದ, ಡಬ್ಬಿಗಳಿದ್ದವು. ಕೆಳಗಿನದರಲ್ಲಿ ಪಾತ್ರೆ, ಪಕ್ಕದ್ದರಲ್ಲಿ ಹಳೇ ಚೀಲಗಳು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು.

“ಲೋಟ ಎಲ್ಲಿಟ್ಟಿದೀಯೇ?”

“ನಿನ್ನ ಮನೆ ತಾನೆ? ಹುಡುಕ್ಕೋ.”

ಲೋಟಗಳು ಅಡುಗೆಮನೆ ಬಾಗಿಲ ಹಿಂದಿನ ಗೂಡಿನಲ್ಲಿವೆ, ಅಮ್ಮನ ಕಾಲದಿಂದಲೂ ಅಲ್ಲೇ. ನಾನು ಆ ಬಾಗಿಲಿಗೆ ಒರಗಿ ನಿಂತೇ ಇದ್ದೆ. ಅಣ್ಣ ಒಮ್ಮೆ ನನ್ನ ಮುಖ ನೋಡಿದ, ಮತ್ತೆ ಕಪಾಟುಗಳನ್ನು ನೋಡಿದ. ಕೊನೆಗೆ ನಲ್ಲಿ ತಿರುಗಿಸಿ ಬೊಗಸೆ ಒಡ್ಡಿ ನೀರು ಕುಡಿದ.