ಲಿಂಗಸುಗೂರಿಗೊಂದು ಕಮಾಂಡ್

೧
ಎಲ್ಲಿಂದ ಶುರು ಮಾಡಲಿ? ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ಮಿನ ಕಿರುಚಾಟದಿಂದ ಮಾಡಿದ್ದೆ. ಓದುಗರು ಎದ್ದು ಓಡುತ್ತಾರೆಂದು ಹರಿದು ಹಾಕಿದೆ. ಪೀರಮ್ಮನಿಂದಲೇ ಶುರುವಾಗಲಿ.

ಸಾವಿರದ ಒಂಬೈನೂರ ತೊಂಬತ್ತೈದು. ಸಿಂಧನೂರಿನ ಬೀಜದ ಕಂಪನಿಯೊಂದರಲ್ಲಿ ಪೀರಮ್ಮ ಕಂಪ್ಯೂಟರ್ ಆಪರೇಟರ್. ಅವಳು ಇಲ್ಲಿ ಕೂತು ಕೊಟ್ಟ ಕಮಾಂಡ್ ಫೋನ್ ಲೈನಿನಲ್ಲಿ ಹೋಗಿ, ಲಿಂಗಸುಗೂರು ಗೋದಾಮಿನ ಕಂಪ್ಯೂಟರು ದಾಸ್ತಾನು ಕೂಡಿಸಿ ಪ್ರಿಂಟ್ ತೆಗೆಯಬೇಕು. ಇವತ್ತು ಆಗದಿದ್ದರೆ ಸೋಮವಾರದಿಂದ ದಿನಾ ಲಿಂಗಸುಗೂರಿಗೇ ಹೋಗಿ ಬಾ ಎಂದಿದ್ದಾರೆ ಮ್ಯಾನೇಜರ್. ಗಂಡ ನರಸಣ್ಣನದು ರೈಸ್ ಮಿಲ್ಲಿನಲ್ಲಿ ರಾತ್ರಿಪಾಳಿ. ಇಬ್ಬರೂ ಎಚ್ಚರವಾಗಿ ಮನೆಯಲ್ಲಿ ಸಿಗುವುದು ಸಂಜೆ ಸ್ವಲ್ಪ ಹೊತ್ತು. ದಿನಾ ಬಸ್ಸು ಹತ್ತಿದರೆ ಅದೂ ಹೋಯಿತು.

೨
ಕಮಾಂಡ್ ಹೋಯಿತು, ಕೆಲಸ ಶುರುವಾಯಿತು, ನಡುವೆಯೇ ಲೈನ್ ಕಟ್ಟಾಗಿ ಎಲ್ಲ ನಿಂತಿತು. (ಮಸ್ಕಿಯಲ್ಲಿ ಮೇವಿನ ಗಾಡಿಯೊಂದು ಟೆಲಿಫೋನ್ ಕಂಬಕ್ಕೆ ಗುದ್ದಿತೆಂದು ಬರೆದಿದ್ದೆ. ನಾನು ಮಸ್ಕಿಯವನು, ಆ ಕಂಬ ನನಗೆ ಚೆನ್ನಾಗಿ ಗೊತ್ತು.) ಪೀರಮ್ಮ ಒಪ್ಪಲಿಲ್ಲ.

"ಮಸ್ಕಿಗ್ಯಾಕ ಹೆಸರಿಡ್ತೀರಿ? ಫೋನ್ ಎತ್ತಿದವ್ರು ಬಂದೇಸಾಬ ಚಾಚಾ."

ಬಂದೇಸಾಬ ಆ ಗೋದಾಮು ನೋಡಿಕೊಳ್ಳುವವರು. ಅಲ್ಲಿ ಫೋನಿಗೂ ಕಂಪ್ಯೂಟರಿಗೂ ಇರುವುದು ಒಂದೇ ಲೈನು. ಪ್ರಿಂಟರ್ ಕರಕರ ಅಂದದ್ದೇ ತಡ, ಸಿಹಿಸುದ್ದಿ ಮುಟ್ಟಿಸಲು ರಿಸೀವರ್ ಎತ್ತುತ್ತಾರೆ, ಕಂಪ್ಯೂಟರಿನ ಲೈನ್ ಕಟ್ಟಾಗುತ್ತದೆ. ಎತ್ತಬೇಡಿ ಎಂದು ಕೈಮುಗಿದು ಹೇಳಿದರೆ ಹೂಂ ಎನ್ನುತ್ತಾರೆ, ಮತ್ತೆ ಎತ್ತುತ್ತಾರೆ.

"ನೀ ಅಲ್ಲಿ ಕಾಯಾಕತ್ತಿರ್ತೀ ಬೇಟಿ. ನಾ ಹ್ಯಾಂಗ ಸುಮ್ಮ ಕುಂದರ್ಲಿ?"

೩
ಇಲ್ಲಿ ಇಬ್ಬರಿಗೂ ಜಗಳ ಹಚ್ಚೋಣವೆಂದಿದ್ದೆ. ಜಗಳವಿಲ್ಲದ ಕಥೆ ಉಪ್ಪಿಲ್ಲದ ಸಾರು. ಇಬ್ಬರೂ ಸೊಪ್ಪು ಹಾಕಲಿಲ್ಲ. ಪೀರಮ್ಮ ಕಮಾಂಡಿನ ಮೊದಲಿಗೆ 'ನೋಹಪ್' ಎಂದು ಸೇರಿಸಿದಳು. ಲೈನ್ ಕಟ್ಟಾದರೂ ಹಿಡಿದ ಕೆಲಸ ಬಿಡಬೇಡ ಎಂದು ಕಂಪ್ಯೂಟರಿಗೆ ಹೇಳುವ ಮಾತು ಅದು. ಚಾಚಾನನ್ನು ತಿದ್ದುವುದಕ್ಕಿಂತ ಇದು ಸಲೀಸು ಎಂದಳು. ನನ್ನ ಜಗಳ ಕೈತಪ್ಪಿದರೂ ನನಗೆ ಖುಷಿಯೇ ಆಯಿತು.

ಅವಳು ಎಂಟರ್ ಒತ್ತಿದಳು. ಬಂದೇಸಾಬ ರಿಸೀವರ್ ಎತ್ತಿದರು. ಲೈನ್ ಕಟ್ಟಾಯಿತು.

೪
ಅಂತ್ಯ (ಅ): ಪ್ರಿಂಟ್ ಬಂತು.
ಅಂತ್ಯ (ಆ): ಲಿಂಗಸುಗೂರಿನಲ್ಲಿ ಕರೆಂಟ್ ಹೋಯಿತು.

ಯಾವುದು ಬೇಕೆಂದು ಕೇಳಲು ತಿರುಗಿದರೆ ಪೀರಮ್ಮ ಚಪ್ಪಲಿ ಮೆಟ್ಟುತ್ತಿದ್ದಳು. ಸ್ವಲ್ಪ ತಡಿ, ಈಗ ಚಾಚಾನ ಫೋನ್ ಬರುತ್ತದೆ ಎಂದೆ.

"ಅದು ನಡದಿರ್ತೈತ್ರಿ. ನಮ್ಮನಿಯವ್ರು ಎದ್ದಿರ್ತಾರ, ನಾ ಹೋಗ್ತೀನಿ."

ಹೋಗಿಯೇಬಿಟ್ಟಳು, ನನ್ನ ಕಥೆಯನ್ನು ಅರ್ಧಕ್ಕೆ ಬಿಟ್ಟು. ಈಗ ಫೋನ್ ರಿಂಗಾಗುತ್ತಿದೆ. ಎತ್ತಿದರೆ ಸೋಮವಾರ ಏನಾಗುತ್ತದೆಂದು ನನಗೂ ನಿಮಗೂ ಗೊತ್ತಾಗುತ್ತದೆ. ಆದರೆ ಅಲ್ಲಿ ನರಸಣ್ಣ ಎರಡು ಕಪ್ಪು ಚಹಾ ಸೋಸಿದ್ದಾನೆ, ಪೀರಮ್ಮ ಬಂದು ಕೂತಿದ್ದಾಳೆ. ಓದುಗರೇ, ಅವರು ಕುಡಿದು ಮುಗಿಸುವವರೆಗಾದರೂ ಅದು ರಿಂಗಾಗುತ್ತಿರಲಿ.