ಮೇಸ್ತ್ರಿಯ ಹೊಟ್ಟೆ

ಮೇಸ್ತ್ರಿಗೆ ಕಚಗುಳಿ ಜಾಸ್ತಿ. ಈ ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮತ್ತು ತಂಗಿಗೆ ಮಾತ್ರ. ಕಟ್ಟಡದ ಕೆಲಸದಲ್ಲಿ ಅವನು ಸುಮ್ಮನೆ ಗಂಟಲು ಸರಿಮಾಡಿಕೊಂಡರೂ ಸಾಕು, ಗಾರೆ ಕಲಸುವವರು ಮೊಬೈಲನ್ನು ಜೇಬಿಗಿಳಿಸಿ ಸಲಿಕೆ ಹಿಡಿಯುತ್ತಿದ್ದರು. ಅಂಥವನು ಪಕ್ಕೆಗೆ ಬೆರಳು ತಾಗಿದರೆ ಕಿಸಕ್ಕನೆ ನಕ್ಕು ಎಳೆ ಮಗುವಿನ ಹಾಗೆ ಮುದುಡಿಕೊಳ್ಳುತ್ತಾನೆ ಎಂದು ಅವರಿಗೆ ತಿಳಿದರೆ ಮುಗಿಯಿತು, ಆಮೇಲೆ ಒಂದು ಗೋಡೆಯೂ ನೆಟ್ಟಗೆ ಏಳುವುದಿಲ್ಲ.

ಹೀಗಿರುವಾಗ ಒಂದು ದಿನ ತಂಗಿ ಮನೆಗೆ ಬಂದು, "ಅಣ್ಣ, ನಿನ್ನ ಹೊಟ್ಟೆ ಬೇಕಿತ್ತು" ಎಂದಳು.

ತಂಗಿ ನರ್ಸಿಂಗ್ ಸ್ಕೂಲಿನಲ್ಲಿ ಟೀಚರ್. ರೋಗಿಯನ್ನು ತಲೆಯಿಂದ ಕಾಲಿನವರೆಗೆ ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ, ಕೈಯಿಂದ ಮುಟ್ಟಿ ಏನಾಗಿದೆ ಎಂದು ತಿಳಿಯುವುದು ಹೇಗೆ ಎಂಬುದು ಅವಳು ಹೇಳಿಕೊಡುವ ಪಾಠ.

"ಮಕ್ಕಳು ಒಬ್ಬರ ಹೊಟ್ಟೆ ಒಬ್ಬರು ಮುಟ್ಟಿ ಮುಟ್ಟಿ ಬಾಯಿಪಾಠ ಆಗ್ಬಿಟ್ಟಿದೆ. ಪ್ಲಾಸ್ಟಿಕ್ ಬೊಂಬೆ ಒಂದಿದೆ, ಅದನ್ನ ಗುದ್ದಿದ್ರೂ ಅಯ್ಯೋ ಅನ್ನಲ್ಲ. ನಿಜವಾದ ಮನುಷ್ಯ ಬೇಕು. ವಯಸ್ಸಾಗಿರೋ, ಬೊಜ್ಜು ಬಂದಿರೋ ಮೈ."

"ಬೊಜ್ಜು ಅಂತ ಮುಖಕ್ಕೇ ಹೇಳ್ತೀಯಲ್ಲೇ!"

"ಬೆನ್ನ ಹಿಂದೆ ಹೇಳಿದ್ರೆ ನಿಂಗೆ ಬೇಜಾರಾಗಲ್ವಾ?"

ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ಕರ್ಕೊಂಡು ಹೋಗಮ್ಮ. ವಾಪಸ್ ಕಳಿಸೋಕೆ ಅವಸರ ಏನೂ ಇಲ್ಲ."

ಬೇರೆ ಯಾರೇ ಕೇಳಿದ್ದರೂ ಮೇಸ್ತ್ರಿ ಬಾಗಿಲು ತೋರಿಸುತ್ತಿದ್ದ. ಆದರೆ ನರ್ಸುಗಳ ಕೆಲಸ ಎಂದರೆ ಅವನ ಬಾಯಿಗೆ ಇಲ್ಲ ಎಂಬ ಮಾತು ಬರುತ್ತಿರಲಿಲ್ಲ. ಹಿಂದೊಮ್ಮೆ ಮೂರನೇ ಮಹಡಿಗೆ ಕಟ್ಟಿದ್ದ ಸಾರುವೆ ಕುಸಿದು ಅವನು ಮರಳಿನ ರಾಶಿಯ ಮೇಲೆ ಬಿದ್ದಿದ್ದ. ಕೈ ಮುರಿದಿತ್ತು. ಆಸ್ಪತ್ರೆಯಲ್ಲಿ ಎಲ್ಲರೂ ಕೈಯನ್ನೇ ನೋಡುತ್ತಿದ್ದರು. ಇವನು ಎಡಭುಜ ನೋವು, ಎಡಭುಜ ನೋವು ಎಂದು ಗೊಣಗುತ್ತಿದ್ದ. ಆಗ ಒಬ್ಬ ನರ್ಸ್ ಬಂದು ಹೊದಿಕೆ ಸರಿಸಿ ಹೊಟ್ಟೆಯ ಮೇಲೆ ಅಂಗೈ ಇಟ್ಟಳು, ಒತ್ತಿದಳು. ಒತ್ತಿದವಳೇ ತಿರುಗಿ, "ಹೊಟ್ಟೆ ಗಟ್ಟಿ ಹಲಗೆ ಆಗಿದೆ, ಡಾಕ್ಟರನ್ನ ಕರೀರಿ" ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದಳು. ಒಳಗೆ ರಕ್ತ ಸೋರುತ್ತಿತ್ತಂತೆ, ಭುಜದ ನೋವೂ ಅದರದೇ ಅಂತೆ. ಇನ್ನೂ ಸ್ವಲ್ಪ ಹೊತ್ತು ಎಲ್ಲರೂ ಕೈಯನ್ನೇ ನೋಡುತ್ತ ಕೂತಿದ್ದರೆ ಮೇಸ್ತ್ರಿ ಇರುತ್ತಿರಲಿಲ್ಲ. ಆ ನರ್ಸಿನ ಮುಖ ಅವನಿಗೆ ನೆನಪಿಲ್ಲ. ಆಮೇಲೆ ಹುಡುಕಿಕೊಂಡು ಹೋದಾಗ ಯಾರೆಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದ ಉಪಕಾರದ ಮಾತು ಅಂದಿನಿಂದ ಗಂಟಲಲ್ಲೇ ಉಳಿದಿತ್ತು.

"ಹೊಟ್ಟೆ ತಾನೇ. ತಗೊಂಡ್ಹೋಗು" ಎಂದ.

ಪಾಠದ ಕೋಣೆಯಲ್ಲಿ ಸಾಲಾಗಿ ಬೆಡ್ಡುಗಳು, ಬೆಡ್ಡಿಗೊಂದು ಪರದೆ, ಮೂಲೆಯಲ್ಲಿ ಕೈ ತೊಳೆಯುವ ತೊಟ್ಟಿ. ಮೇಸ್ತ್ರಿಯ ಅಂಗಿ ಬಿಚ್ಚಿಸಿ ಮಲಗಿಸಿದರು. ಸುತ್ತ ವಿದ್ಯಾರ್ಥಿಗಳು ನಿಂತರು. ತಂಗಿ ಇಲ್ಲಿ ತಂಗಿಯಾಗಿರಲಿಲ್ಲ, ಪೂರ್ತಿ ಟೀಚರ್.

"ಹೊಟ್ಟೆ ವಿಷಯದಲ್ಲಿ ಕೈ ಕೊನೆಗೆ. ಮೊದಲು ಕಣ್ಣು, ಆಮೇಲೆ ಕಿವಿ. ಮೊದಲೇ ಒತ್ತಿಬಿಟ್ರೆ ಕರುಳಿನ ಸದ್ದು ಬದಲಾಗತ್ತೆ, ಆಮೇಲೆ ಸ್ಟೆತಸ್ಕೋಪ್ ಇಟ್ಟು ಏನು ಪ್ರಯೋಜನ? ಮಂಡಿ ಮಡಚಿಸಿ, ಹೊಟ್ಟೆ ಸಡಿಲ ಆಗ್ಲಿ. ಒತ್ತುವಾಗ ನಿಮ್ಮ ಕೈ ನೋಡ್ಕೋಬೇಡಿ, ಅದೆಲ್ಲೂ ಓಡಿಹೋಗಲ್ಲ. ರೋಗಿಯ ಮುಖ ನೋಡಿ. ನೋವು ಮೊದಲು ಕಾಣೋದು ಅಲ್ಲಿ."

ಮೊದಲು ಬಂದ ಹುಡುಗ ದಪ್ಪ ಕೈಯವನು. ಹಿಟ್ಟು ನಾದುವ ಹಾಗೆ ಒತ್ತಿದ. ಮೇಸ್ತ್ರಿ ಹಲ್ಲು ಕಚ್ಚಿ ಚಾವಣಿಯ ಬಿರುಕನ್ನು ನೋಡುತ್ತ ಹೇಗೋ ತಡೆದುಕೊಂಡ. ಎರಡನೆಯವಳದೂ ಹಾಗೇ ದಾಟಿತು. ಮೂರನೆಯವಳು ಬಂದಳು. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಮಾತೂ ಗುಬ್ಬಿಯದು, ಕೈಯೂ ಗುಬ್ಬಿಯದು. ಹೆದರಿ ಹೆದರಿ ಬೆರಳ ತುದಿಯನ್ನಷ್ಟೇ ಪಕ್ಕೆಯ ಮೇಲೆ ಇರುವೆ ಹರಿದ ಹಾಗೆ ಆಡಿಸಿದಳು.

ಮೇಸ್ತ್ರಿ ಬೆಡ್ಡಿನ ಮೇಲೆ ಎಗರಿಬಿದ್ದ. ಬಾಯಿಂದ ಕೀರಲು ನಗೆ ಹೊರಟಿತು. ಕಾಲು ಹೋಗಿ ಟ್ರೇಗೆ ಬಡಿದು ಅದರಲ್ಲಿದ್ದದ್ದೆಲ್ಲ ನೆಲದ ಪಾಲಾಯಿತು. ವಿದ್ಯಾರ್ಥಿಗಳು ಗೊಳ್ಳೆಂದರು. ಮಾನ ಹೋದ ಗಂಡಸಿಗೆ ಕೈಗೆ ಸಿಗುವುದು ಸಿಟ್ಟೊಂದೇ. ಅವನು ಎದ್ದು ಕೂತು, "ಏನು ಹುಡುಗಿ ನೀನು! ಮುಟ್ಟೋಕೆ ಬರಲ್ಲ ಅಂದ್ರೆ ಇಲ್ಲಿಗ್ಯಾಕೆ ಬಂದೆ? ಈ ಜನ್ಮದಲ್ಲಿ ನೀನು ನರ್ಸ್ ಆಗಲ್ಲ!" ಎಂದು ಕಟ್ಟಡದಲ್ಲಿ ಕೂಗುವ ದನಿಯಲ್ಲೇ ಕೂಗಿದ.

ನಗು ನಿಂತುಹೋಯಿತು. ಗುಬ್ಬಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಹೊರಗೆ ಹೋದಳು.

ಮನೆಗೆ ಹೋಗುವ ದಾರಿಯಲ್ಲಿ ತಂಗಿ ಒಂದೇ ಉಸಿರಿಗೆ ಝಾಡಿಸಿದಳು. "ಅವಳು ಹೋದ ಸಲ ಇದೇ ಪ್ರಾಕ್ಟಿಕಲ್‌ನಲ್ಲಿ ಫೇಲ್ ಆಗಿದ್ದಾಳೆ. ಕಾರಣ ಏನು ಗೊತ್ತಾ? ರೋಗಿಗೆ ನೋವಾಗತ್ತೆ ಅಂತ ಒತ್ತಲೇ ಇಲ್ಲ. ಈ ಸಲಾನೂ ಆದ್ರೆ ಸ್ಕೂಲಿಂದಾನೇ ಹೊರಗೆ, ಅದು ನಿಯಮ. ಈಗಷ್ಟೇ ಕೈ ಮುಂದೆ ಬರ್ತಿತ್ತು. ನೀನು ಒಂದು ಕೂಗಿಗೆ ಮುರಿದು ಹಾಕ್ದೆ."

"ನಂಗೇನು ಗೊತ್ತು?"

"ಗೊತ್ತಿಲ್ದೆ ಇದ್ರೆ ಬಾಯಿ ಮುಚ್ಕೊಂಡಿರ್ಬೇಕು. ನಿನ್ನ ಕೂಲಿಯೋಳಲ್ಲ ಅವಳು."

ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಜೀವ ಉಳಿಸಿದವಳು ಕಲಿಯುವಾಗ ಅವಳ ಮೇಲೂ ಯಾವನೋ ಹೀಗೆ ಕೂಗಿ, ಅವಳೂ ಬಿಟ್ಟುಹೋಗಿದ್ದಿದ್ದರೆ? ಈ ಯೋಚನೆ ಬಂದಮೇಲೆ ಮೇಸ್ತ್ರಿಗೆ ಊಟ ಸೇರಲಿಲ್ಲ. ಹೆಂಡತಿ, "ಏನ್ರೀ, ಮೈ ಸರಿ ಇಲ್ವಾ? ಅಷ್ಟೊಂದು ಜನ ಪರೀಕ್ಷೆ ಮಾಡಿ ಒಬ್ಬರಿಗೂ ಗೊತ್ತಾಗ್ಲಿಲ್ವಾ?" ಎಂದು ಕೆಣಕಿದಳು. ಅದಕ್ಕೂ ಅವನು ಸಿಡುಕಲಿಲ್ಲ.

ಮುಂದಿನ ಪಾಠಕ್ಕೆ ಯಾರೂ ಕರೆಯದಿದ್ದರೂ ಹೋದ. ಅಂಗಿ ಬಿಚ್ಚಿ ತಾನೇ ಮಲಗಿ, "ಆ ಗುಬ್ಬಿ ಎಲ್ಲಿ? ಅವಳೇ ಮೊದಲು ಬರ್ಲಿ" ಎಂದ.

ಗುಬ್ಬಿ ಬಂದಳು. ಬೆಡ್ಡಿನಿಂದ ಮಾರು ದೂರ ನಿಂತಳು. "ಬೇಡ ಅಂಕಲ್. ನಿಮಗೆ ತೊಂದರೆ ಆಗತ್ತೆ."

"ಅಂಕಲ್ ಗಿಂಕಲ್ ಬೇಡ. ನಂಗೆ ಕಚಗುಳಿ, ಅಷ್ಟೇ. ತಪ್ಪು ನಂದು. ನಿನ್ನ ಮೇಲೆ ಕೂಗಿದ್ದು ಇನ್ನೂ ದೊಡ್ಡ ತಪ್ಪು. ಬಾ."

ಗುಬ್ಬಿ ಹತ್ತಿರ ಬಂದಳು, ಆದರೆ ಮುಟ್ಟಲಿಲ್ಲ. ಅವನ ಹೊಟ್ಟೆಯನ್ನೇ ನೋಡುತ್ತ ನಿಂತಳು. ಪಕ್ಕೆಗೂಡಿನ ಕೆಳಗೆ ಉದ್ದಕ್ಕೆ ಹೊಲಿಗೆಯ ಗುರುತಿತ್ತು. "ಇದು ಯಾವಾಗ ಆಗಿದ್ದು?" ಎಂದು ಕೇಳಿದಳು. ಅವನು ಹೇಳಿದ. ಬಿದ್ದದ್ದು, ಭುಜ, ಹಲಗೆಯಾದ ಹೊಟ್ಟೆ, ಆ ಕೈ, ಎಲ್ಲ ಹೇಳಿದ. ಇಷ್ಟು ವರ್ಷದಲ್ಲಿ ಅವನು ಇದನ್ನು ಪೂರ್ತಿಯಾಗಿ ಹೆಂಡತಿಗೂ ಹೇಳಿರಲಿಲ್ಲ. ಈ ಹುಡುಗಿ ಕೇಳಿದಳು, ಕೇಳಿ ಸುಮ್ಮನೆ ನಿಂತಳು, ಅದಕ್ಕೇ ಬಾಯಿ ಬಿಚ್ಚಿತು.

"ಆವಾಗ ಕಚಗುಳಿ ಆಗ್ಲಿಲ್ವಾ?"

"ಸಾಯೋ ಹೊತ್ತಲ್ಲಿ ಕಚಗುಳಿ ಎಲ್ಲಿಂದ ಬರತ್ತೆ?"

ಅವಳು ಸ್ವಲ್ಪ ಯೋಚಿಸಿದಳು. "ಸ್ನಾನ ಮಾಡ್ತಾ ನೀವೇ ಸೋಪ್ ಹಚ್ಕೊಂಡಾಗ?"

"ನನ್ನ ಕೈಗೆ ನಂಗ್ಯಾಕೆ ಕಚಗುಳಿ?"

"ಹಾಗಾದ್ರೆ ನಿಮ್ಮ ಕೈ ಕೊಡಿ" ಎಂದಳು ಗುಬ್ಬಿ.

ಅವನ ಅಂಗೈಯನ್ನು ಅವನ ಹೊಟ್ಟೆಯ ಮೇಲೇ ಇರಿಸಿ, ಅದರ ಮೇಲೆ ತನ್ನ ಕೈಯಿಟ್ಟು ಮೆಲ್ಲಗೆ ಒತ್ತಿದಳು. ಮೇಸ್ತ್ರಿ ಉಸಿರು ಬಿಗಿಹಿಡಿದು ಕಾದ. ಏನೂ ಆಗಲಿಲ್ಲ. ಕೈ ಸರಿಯುತ್ತ ಹೋಯಿತು. ಸ್ವಲ್ಪ ಹೊತ್ತಿಗೆ ಅವಳ ಬೆರಳುಗಳು ಅವನ ಬೆರಳುಗಳ ಸಂದಿನಿಂದ ಇಳಿದು ಚರ್ಮಕ್ಕೆ ತಾಗಿದವು. ಆಮೇಲೆ ಯಾವಾಗಲೋ ಅವನ ಕೈ ಪಕ್ಕಕ್ಕೆ ಬಂದಿತ್ತು, ಅವಳದು ಮಾತ್ರ ಉಳಿದಿತ್ತು. ಈಗ ಅದು ಇರುವೆಯ ಹಾಗೆ ಹರಿಯುತ್ತಿರಲಿಲ್ಲ. ಪೂರ್ತಿ ಅಂಗೈ ಊರಿ ಆಳಕ್ಕೆ ಒತ್ತುತ್ತಿತ್ತು. ಕಣ್ಣು ಅವನ ಮುಖದ ಮೇಲಿತ್ತು.

ಹಿಂದೆ ನಿಂತಿದ್ದ ಟೀಚರ್, "ಪುಸ್ತಕದಲ್ಲೂ ಇದೆ ಈ ಉಪಾಯ. ಮುಂದಿನ ವಾರ ಹೇಳ್ಕೊಡೋಣ ಅಂತಿದ್ದೆ" ಎಂದಳು. ಆಮೇಲೆ ಮೂಗು ಒರೆಸಿಕೊಂಡಳು. "ಇನ್ನೇನು ಹೇಳ್ಕೊಡೋದು!"

ಪರೀಕ್ಷೆಯ ದಿನ ಬಂತು. ಬೆಡ್ಡಿಗೊಬ್ಬರಂತೆ ಮಲಗಲು ಬಂದವರಲ್ಲಿ ಮೇಸ್ತ್ರಿಯೂ ಇದ್ದ. ಯಾರಿಗೆ ಯಾವ ಬೆಡ್ಡು ಎಂದು ಚೀಟಿ ಎತ್ತಿದಾಗ ಗುಬ್ಬಿಗೆ ಮೇಸ್ತ್ರಿಯೇ ಸಿಕ್ಕಿದ. ಅವನಿಗೆ ಸಮಾಧಾನವಾಯಿತು. ಆದರೆ ಹೊರಗಿನಿಂದ ಬಂದಿದ್ದ ಪರೀಕ್ಷಕಿಯ ಮುಖ ನೋಡಿ ಆ ಸಮಾಧಾನ ಅರ್ಧಕ್ಕಿಳಿಯಿತು. ಆಕೆ ನಗುವುದಕ್ಕೆ ಮೇಲಿನವರ ಅನುಮತಿ ಬೇಕು ಎನ್ನುವಂತಿದ್ದರು. ಮಲಗಿದವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು, ವಿದ್ಯಾರ್ಥಿಗೆ ನೆರವಾಗುವ ಒಂದು ಮಾತಾಡಿದರೂ ಆ ವಿದ್ಯಾರ್ಥಿ ಫೇಲ್ ಎಂದು ಮೊದಲೇ ಎಚ್ಚರಿಸಿದರು.

ಗುಬ್ಬಿ ಕೈ ತೊಳೆದಳು. ಪರದೆ ಎಳೆದಳು. ನೋಡಿದಳು, ಸ್ಟೆತಸ್ಕೋಪ್ ಇಟ್ಟು ಕೇಳಿದಳು, ಹೊಟ್ಟೆಯ ಮೇಲಿಟ್ಟ ಬೆರಳಿನ ಮೇಲೆ ಇನ್ನೊಂದು ಬೆರಳು ಬಡಿದು ಸದ್ದು ನೋಡಿದಳು. ಒತ್ತುವ ಸರದಿ ಬಂದಾಗ ಅವನ ಕೈ ತೆಗೆದುಕೊಂಡು ಹೊಟ್ಟೆಯ ಮೇಲಿಟ್ಟಳು.

"ಏನಿದು?" ಪರೀಕ್ಷಕಿ ಗದರಿದರು. "ಪರೀಕ್ಷೆ ಮಾಡ್ತಿರೋದು ನೀನೋ ಅವರೋ? ಕೈ ತೆಗೆಸು."

ಗುಬ್ಬಿಯ ಕೈ ನಿಂತಿತು. ಒಂದು ಮಾತು, ಒಂದೇ ಮಾತು, ಮೇಸ್ತ್ರಿಯ ನಾಲಿಗೆಯ ಮೇಲೆ ಕೂತಿತ್ತು. ಆಡಿದರೆ ಅವನಿಗೆ ಹಗುರ, ಅವಳಿಗೆ ಬಾಗಿಲು ಮುಚ್ಚಿತು. ಹುಟ್ಟಿದಾಗಿನಿಂದ ಬಂದ ಸಿಟ್ಟನ್ನು ಬಂದ ಹಾಗೇ ಉಗುಳಿ ಅಭ್ಯಾಸವಿದ್ದ ಮನುಷ್ಯ ಅದನ್ನು ಕಷಾಯದ ಹಾಗೆ ಕಣ್ಣು ಮುಚ್ಚಿ ನುಂಗಿದ.

ಗುಬ್ಬಿಯ ದನಿ ಕೇಳಿತು. ಗುಬ್ಬಿಯ ದನಿಯೇ, ಆದರೆ ನೇರವಾಗಿತ್ತು. "ತೆಗೆಸ್ತೀನಿ ಮೇಡಂ. ಮೊದಲು ಹೊಟ್ಟೆ ಸಡಿಲ ಆಗ್ಬೇಕು. ಇವರಿಗೆ ಕಚಗುಳಿ ಜಾಸ್ತಿ. ಬಿಗಿ ಇದ್ದಾಗ ಒತ್ತಿದ್ರೆ ಅದು ಕಚಗುಳಿಯ ಬಿಗಿಯೋ, ಒಳಗೆ ಏನಾದ್ರೂ ಆಗಿರೋ ಬಿಗಿಯೋ ನಂಗೆ ಗೊತ್ತಾಗಲ್ಲ. ಅದು ಗೊತ್ತಾಗ್ದೆ ಇದ್ರೆ ನಾನು ಒತ್ತಿ ಏನು ಬಂತು?"

ಪರೀಕ್ಷಕಿ, "ಅಷ್ಟೊಂದು ಕಚಗುಳೀನಾ?" ಎನ್ನುತ್ತ ತಾವೇ ಬಗ್ಗಿ ಎರಡು ಬೆರಳನ್ನು ಅವನ ಪಕ್ಕೆಗೆ ತಾಗಿಸಿದರು.

ಆಮೇಲೆ ನಡೆದದ್ದನ್ನು ಮೇಸ್ತ್ರಿ ಯಾರಿಗೂ ಹೇಳಬೇಕಾಗಿರಲಿಲ್ಲ. ಆ ಕೀರಲು ನಗೆ ಇಡೀ ಕಟ್ಟಡಕ್ಕೆ ಕೇಳಿತ್ತು. ಮಂಡಿ ಹೋಗಿ ಪರೀಕ್ಷಕಿಯ ಮೊಣಕೈಗೆ ತಗುಲಿ ಅವರ ಕನ್ನಡಕ ಅವನ ಹೊಟ್ಟೆಯ ಮೇಲೇ ಬಿತ್ತು. ಆಕೆ ಅದನ್ನು ಎತ್ತಿಕೊಂಡು, ಒರೆಸಿ, ಹಾಕಿಕೊಂಡು, "ಸರಿ. ನಿನ್ನ ದಾರೀಲೇ ಮಾಡು" ಎಂದರು. ತುಟಿಯ ಕೊನೆ ಸ್ವಲ್ಪ ಅಲ್ಲಾಡಿತೆಂದು ಮೇಸ್ತ್ರಿ ಆಮೇಲೆ ಆಣೆ ಮಾಡಿ ಹೇಳುತ್ತಿದ್ದ.

ಮುಗಿದ ಮೇಲೆ ಅವನು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಅಂಗಿಯ ಗುಂಡಿ ಅದಲುಬದಲು ಹಾಕಿಕೊಂಡು ಕಾರಿಡಾರಿನ ಬೆಂಚಿನಲ್ಲಿ ಕೂತ. ಗುಬ್ಬಿ ಹೊರಬಂದಳು. ಮುಖದಿಂದ ಏನೂ ಗೊತ್ತಾಗಲಿಲ್ಲ.

"ಏನಾಯ್ತೇ? ಹೇಳು, ಜೀವ ತಿನ್ಬೇಡ!"

"ಪಾಸ್" ಎಂದಳು. ಹೇಳಿದಮೇಲೆಯೇ ಅವಳಿಗೂ ನಂಬಿಕೆ ಬಂದ ಹಾಗಿತ್ತು. ಬೆಂಚಿನ ಇನ್ನೊಂದು ತುದಿಯಲ್ಲಿ ಕುಸಿದು ಕೂತಳು. "ಥ್ಯಾಂಕ್ಸ್."

"ನಂಗ್ಯಾಕೆ? ನಾನು ಮಲಗಿದ್ದೆ, ಅಷ್ಟೇ."

"ಇಲ್ಲ. ನೀವು ಇವತ್ತು ಬೈಲಿಲ್ಲ. ಮೇಡಂ ಗದರಿದಾಗ ನಾನು ನಿಮ್ಮ ಮುಖ ನೋಡ್ತಿದ್ದೆ. ಬಾಯಿಗೆ ಬಂದಿದ್ದನ್ನ ನುಂಗಿದ್ರಿ. ಇವರೇ ಇಷ್ಟು ತಡ್ಕೊಂಡ್ರು, ನಾನು ಮಾತಾಡ್ದೆ ಹೋದ್ರೆ ಹೇಗೆ ಅನ್ನಿಸ್ತು."

ಮೇಸ್ತ್ರಿಯ ಮುಖ ನೋಡಿ ಒಳಗಿನದನ್ನು ಓದಿದವರು ಕಡಿಮೆ; ಎಲ್ಲರೂ ಅವನ ದನಿಯನ್ನಷ್ಟೇ ಕೇಳಿ ದೂರ ಸರಿದವರು. ಕಣ್ಣು ಮಂಜಾಯಿತು. "ಒಳ್ಳೇದಾಗ್ಲಿ ಕಣಮ್ಮ. ನೀನು ಚೆನ್ನಾಗಿ ಕಲ್ತೆ. ನಂಗೆ... ನಂಗೆ ತುಂಬ ಉಪಕಾರ ಆಯ್ತು" ಎಂದ. ಇಷ್ಟು ವರ್ಷ ಗಂಟಲಲ್ಲೇ ಉಳಿದಿದ್ದ ಅದು ಹೊರಬಂದಮೇಲೆ ಅಷ್ಟೇನೂ ಕಷ್ಟದ ಮಾತಲ್ಲ ಎನ್ನಿಸಿತು.

ಅಷ್ಟರಲ್ಲಿ ತಂಗಿ ಬಾಗಿಲಿಗೆ ಬಂದಳು. "ಅಣ್ಣ, ಕೊನೇ ಬೆಡ್ಡಿಗೆ ಬರಬೇಕಾದೋರು ಬಂದಿಲ್ಲ. ಪಾಪ, ಹುಡುಗ ಕಾಯ್ತಿದ್ದಾನೆ..."

"ಅಲ್ಲಿ ನನ್ನ ಗೋಡೆ ಅರ್ಧಕ್ಕೆ ನಿಂತಿದೆ ಕಣೇ" ಎಂದು ಮೇಸ್ತ್ರಿ ಗುಡುಗಿದ. ಗುಡುಗುತ್ತಲೇ ಎದ್ದು, ಅಂಗಿಯ ಗುಂಡಿ ಬಿಚ್ಚುತ್ತ ಒಳಗೆ ನಡೆದ.