ಮಗಳನ್ನು ಕೇಳದೆ ಸೇರಿಸಿದ ಕ್ಲಾಸು

ಬೇಕರಿಯ ಮೇಲಿನ ಅಂತಸ್ತಿನಲ್ಲಿ ವ್ಯಾಯಾಮದ ಕ್ಲಾಸು ಶುರುವಾದಾಗ, ಎದುರಿನ ಅಂಗಡಿಯ ಟೈಲರಮ್ಮ ಹದಿನೈದರ ಮಗಳನ್ನು ಅಲ್ಲಿಗೇ ಸೇರಿಸುವುದೆಂದು ತೀರ್ಮಾನಿಸಿಬಿಟ್ಟಳು. ಗಿರಾಕಿಯೊಬ್ಬಳು "ಮಗಳು ಸ್ವಲ್ಪ ದಪ್ಪ ಆದ್ಲಲ್ಲ" ಎಂದಿದ್ದಳು. ಅಷ್ಟೇ ಸಾಕಾಗಿತ್ತು.

ಮಗಳನ್ನು ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಅವಳಿಗೆ ಶಾಲೆಯ ಹತ್ತಿರದ ಡ್ಯಾನ್ಸ್ ಕ್ಲಾಸಿಗೆ ಗೆಳತಿಯ ಜೊತೆ ಹೋಗುವ ಆಸೆ. ಅಲ್ಲಿ ಎಲ್ಲರೂ ಅವಳ ವಯಸ್ಸಿನವರೇ.

"ಕುಣಿಯೋದೂ ಒಂದು ವ್ಯಾಯಾಮನಾ?" ಎಂದಳು ಅಮ್ಮ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. "ಬೆವರು ಕಿತ್ಕೊಂಡು ಬರಬೇಕು. ಆಗ್ಲೇ ಮೈ ಇಳಿಯೋದು."

ಆಸ್ಪತ್ರೆಯಲ್ಲಿ ರೋಗಿಗಳಿಗೆ ಫಿಸಿಯೋಥೆರಪಿ ಮಾಡಿಸುವ ಚಿಕ್ಕಮ್ಮ ಅಲ್ಲೇ ಕೂತಿದ್ದಳು. "ಅಕ್ಕಾ, ಅದು ದೊಡ್ಡವರ ಕ್ಲಾಸು. ಇವಳದು ಇನ್ನೂ ಮೂಳೆ ಬೆಳೀತಿರೋ ವಯಸ್ಸು. ಇಬ್ಬರೂ ಒಂದು ದಿನ ಹೋಗಿ ನೋಡ್ಕೊಂಡು ಬನ್ನಿ. ಅಲ್ಲಿ ಹೇಳಿಕೊಡೋರಿಗೆ ಈ ವಯಸ್ಸಿನ ಮಕ್ಕಳಿಗೆ ಕಲಿಸಿ ರೂಢಿ ಇದೆಯಾ ಕೇಳಿ. ಅದಕ್ಕೂ ಮೊದಲು ಇವಳನ್ನ ಕೇಳು."

"ನಿನ್ನ ಹತ್ರ ಬರೋರೆಲ್ಲ ನೋವಿನೋರು. ಅದಕ್ಕೇ ನಿನಗೆ ಎಲ್ಲದರಲ್ಲೂ ನೋವೇ ಕಾಣುತ್ತೆ," ಎಂದು ಅಮ್ಮ ನಕ್ಕಳು.

ಪುಟ್ಟಿ ಹೋದಳು. ಸುತ್ತಲೂ ಅಮ್ಮನ ವಯಸ್ಸಿನವರು. ಕಿವಿಗಡಚಿಕ್ಕುವ ಹಾಡು. ಎತ್ತರದ ಪೆಟ್ಟಿಗೆಯ ಮೇಲೆ ಹಾರು, ಇಳಿ, ಮತ್ತೆ ಹಾರು. ಕೆಲವೇ ವಾರಗಳಲ್ಲಿ ಮಂಡಿಯ ಕೆಳಗೆ ನೋವು ಹಿಡಿಯಿತು.

"ಮೊದಮೊದಲು ನೋವಿರುತ್ತೆ. ನೆಪ ಹೇಳ್ಬೇಡ," ಎಂದಳು ಅಮ್ಮ. ಆಮೇಲೆ ಪುಟ್ಟಿ ಹೇಳುವುದನ್ನೇ ಬಿಟ್ಟಳು.

ಒಂದು ಸಂಜೆ ಬೇಕರಿಯವನು ಅಂಗಡಿ ಬಾಗಿಲಿಗೆ ಬಂದು, "ನಿಮ್ಮ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಾಳೆ. ಇಳಿಯೋಕಾಗ್ತಿಲ್ಲವಂತೆ," ಎಂದ. ಅಮ್ಮ ಕತ್ತರಿ ಬಿಟ್ಟು ಓಡಿದಳು. ಮಗಳ ಮಂಡಿಯ ಕೆಳಗೆ ಗಂಟಿನ ಹಾಗೆ ಊದಿಕೊಂಡಿತ್ತು. ಬೆಳೆಯುವ ಮೂಳೆಗೆ ಅತಿಯಾದ ಒತ್ತಡ ಬಿದ್ದಿದೆ, ಆದರೆ ವಾಸಿಯಾಗುತ್ತದೆ ಎಂದರು ವೈದ್ಯರು. ಅಲ್ಲಿಯವರೆಗೆ ಓಟ, ಜಿಗಿತ ಎರಡೂ ಇಲ್ಲ. ಪುಟ್ಟಿ ಆಡುತ್ತಿದ್ದ ಶಾಲೆಯ ವಾಲಿಬಾಲ್ ತಂಡ ಆ ವರ್ಷ ಅವಳನ್ನು ಬಿಟ್ಟು ಆಡಿತು. ಅವಳು ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟಿದಳು.

ನೋವು ಕಡಿಮೆಯಾದ ಮೇಲೆ ಅಮ್ಮ ತಾನಾಗಿಯೇ ಕೇಳಿದಳು. "ಪುಟ್ಟಿ, ನೀನು ಹೇಳ್ತಿದ್ದ ಆ ಡ್ಯಾನ್ಸ್ ಕ್ಲಾಸು..."

"ಬೇಡಮ್ಮ."

"ಯಾಕೆ?"

"ನನ್ನ ಮೈ ಚೆನ್ನಾಗಿಲ್ಲ ಅಂತ ತಾನೇ ನೀನು ಕಳಿಸಿದ್ದು? ಎಲ್ಲರ ಮುಂದೆ ಕುಣಿಯೋಕೆ ನಂಗೀಗ ನಾಚಿಕೆ."

ಮಂಡಿಗಾದರೆ ವೈದ್ಯರಿದ್ದರು, ಈ ನಾಚಿಕೆಗೆ ಯಾರೂ ಇರಲಿಲ್ಲ.

ಚಿಕ್ಕಮ್ಮನ ಮುಂದೆ ಕೂತು ಅಮ್ಮ ಅತ್ತಳು. "ಒಂದು ಮಾತು ಕೇಳಿದ್ದಿದ್ರೆ ಸಾಕಾಗಿತ್ತಲ್ಲೇ."

"ಈಗ್ಲೂ ಕೇಳ್ಬಹುದು ಅಕ್ಕಾ. ಆದ್ರೆ ಅವಸರ ಮಾಡ್ಬೇಡ."

ಎಷ್ಟೋ ದಿನಗಳ ನಂತರ ಅಮ್ಮ ಮತ್ತೆ ಕೇಳಿದಾಗ ಪುಟ್ಟಿ ಹೂಂ ಎಂದಳು; ಸುಮ್ಮನೆ ನೋಡಿ ಬರೋಣವೆಂದು ಇಬ್ಬರೂ ಡ್ಯಾನ್ಸ್ ಕ್ಲಾಸಿಗೆ ಹೋದರು. ಟೀಚರ್ ಮೊದಲು ಕೇಳಿದ್ದೇ, "ಎಲ್ಲಾದ್ರೂ ಪೆಟ್ಟಾಗಿತ್ತಾ? ನೋವು ಬಂದ್ರೆ ನಿಲ್ಲಿಸ್ಬೇಕು, ಆಯ್ತಾ?" ಎಂದು. ಗೆಳತಿ ಅಷ್ಟರಲ್ಲಿ ಬೇರೆ ಊರಿಗೆ ಹೋಗಿಬಿಟ್ಟಿದ್ದಳು. ಪುಟ್ಟಿ ಕೊನೆಯ ಸಾಲಿನಲ್ಲಿ, ಗೋಡೆಗೆ ಹತ್ತಿರವಾಗಿ ನಿಂತು ಹಾಡಿಗೆ ತಕ್ಕಂತೆ ಮೆಲ್ಲನೆ ಕೈಯೆತ್ತಿದಳು. ಕ್ಲಾಸಿಗೆ ಸೇರಿದಳು, ಆದರೆ ಈಗಲೂ ಅವಳು ಅಲ್ಲೇ ನಿಲ್ಲುತ್ತಾಳೆ.

ನಿಮ್ಮ ಮನೆಯಲ್ಲೂ ಈ ವಯಸ್ಸಿನ ಮಕ್ಕಳಿರಬಹುದು. ವ್ಯಾಯಾಮ ಅವರಿಗೆ ಬೇಕೇ ಬೇಕು. ಆದರೆ ಯಾವ ಕ್ಲಾಸು ಎಂಬುದನ್ನು ಅವರ ಜೊತೆ ಕೂತು ಆರಿಸಿ, ಸೇರಿಸುವ ಮೊದಲು ಒಮ್ಮೆ ಹೋಗಿ ನೋಡಿ. ತೆಳ್ಳಗಾಗಲಿ ಎಂದು ಕಳಿಸಬೇಡಿ, ಖುಷಿಯಾಗಿರಲಿ ಎಂದು ಕಳಿಸಿ. ಮಗು ನೋವು ಎಂದರೆ ಕೈಯಲ್ಲಿರುವ ಕೆಲಸ ಬಿಟ್ಟು, ತಲೆಯೆತ್ತಿ ಕೇಳಿ.